ಮದ್ದೂರು ಮರದ ಇನ್ನೂರು ಕವರು

ಹೊನ್ನೆ ಕಾಯಿಯನ್ನು ಮೊದಲ ಸಲ ಅಷ್ಟು ಹತ್ತಿರದಿಂದ ಕಂಡಾಗ ಪಟ್ಟಲಮ್ಮನಿಗೆ ನಗು ಬಂದಿತ್ತು. ಎರಡು ಬೆರಳಗಲ, ಸುತ್ತ ತೆಳ್ಳಗೆ ಕಾಗದದಂಥ ಅಂಚು, ನಡುವೆ ಮಾತ್ರ ಗಂಟಿನಂತೆ ಉಬ್ಬು. ಥೇಟ್ ಬಿಸಿಲಿಗೆ ಹಾಕಿದ ಸಂಡಿಗೆ. ಮೂರು ಚೀಲದ ತುಂಬ ಆ ಸಂಡಿಗೆ ತಂದಿಟ್ಟುಕೊಂಡು ದೀಪಿಕ ಎಂಬ ಹುಡುಗಿ ನರ್ಸರಿಯ ಬಾಗಿಲಲ್ಲಿ ನಿಂತಿದ್ದಳು.

ನರ್ಸರಿ ಇದ್ದದ್ದು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದಲ್ಲಿ, ನಾಲೆಯ ಕೆಳಗೆ. ಪಟ್ಟಲಮ್ಮ ಅಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ ಮಾಡುತ್ತಿದ್ದಳು. ತೇಗ, ಸಿಲ್ವರ್ ಓಕ್, ಹೆಬ್ಬೇವು, ತೆಂಗು, ಯಾವುದು ಯಾವಾಗ ತಲೆಯೆತ್ತುತ್ತದೆ, ಯಾವುದಕ್ಕೆ ಎಷ್ಟು ನೀರು ಅನ್ನುವುದು ಅವಳ ಕೈಗೆ ಗೊತ್ತಿತ್ತು. ಹೊನ್ನೆ ಮಾತ್ರ ಅಪರೂಪ. ಗಟ್ಟಿ ಮರವೆಂದು ಹಿಂದಿನವರು ಬಾಗಿಲಿಗೆ, ಗಾಡಿಗೆ, ಆಮೇಲೆ ಸಕ್ಕರೆ ಕಾಯಿಲೆಯವರು ನೀರು ಕುಡಿಯುವ ಲೋಟಕ್ಕೆ ಅಂತ ಕಡಿದು ಕಡಿದು, ಈಗ ಮೂರು ತಾಲ್ಲೂಕು ಸುತ್ತಿದರೂ ದೊಡ್ಡ ಮರ ಬೆರಳೆಣಿಕೆ. ನೆಡುತ್ತೇವೆ ಎನ್ನುವವರಿಗೆ ಸಸಿ ಸಿಗುವುದಿಲ್ಲ. ನೂರು ಕಾಯಿ ಊರಿದರೆ ಮೂವತ್ತು ಹುಟ್ಟಿದರೆ ಪುಣ್ಯ.

ಯಾವ ಮರದ ಕಾಯಿ ಚೆನ್ನಾಗಿ ಹುಟ್ಟುತ್ತದೆ, ಯಾವುದರದ್ದು ಹುಟ್ಟುವುದಿಲ್ಲ ಎಂದು ಎಣಿಸಿ ಬರೆಯುವುದೇ ದೀಪಿಕಳ ಓದು. ಕಾಲೇಜಿನಲ್ಲಿ ಅದಕ್ಕೆ ಎರಡು ವರ್ಷ ಕೊಟ್ಟಿದ್ದರು, ಒಂದು ಆಗಲೇ ಮುಗಿದಿತ್ತು. ಮಂಡ್ಯದ ಹಳೇ ಬಂಗಲೆಯೊಂದರ ಕಾಂಪೌಂಡಿನಲ್ಲಿ ಎರಡು ಮರ, ಮದ್ದೂರಿನ ಹತ್ತಿರ ಶಿಂಷಾ ಹೊಳೆ ದಂಡೆಯ ನಾಗಯ್ಯ ಎಂಬುವರ ತೋಟದಲ್ಲಿ ಒಂದೇ ಒಂದು ಮರ, ಮಳವಳ್ಳಿ ಕಡೆಯ ಗುಡ್ಡದ ಮಗ್ಗುಲಲ್ಲಿ ಹತ್ತು ಹನ್ನೆರಡು ಮರದ ಗುಂಪು. ಮೂರು ಕಡೆಯಿಂದಲೂ ಇನ್ನೂರಿನ್ನೂರು ಕಾಯಿ. ಮಣ್ಣು ತುಂಬಿದ ಒಂದು ಪ್ಲಾಸ್ಟಿಕ್ ಕವರಿಗೆ ಒಂದೇ ಕಾಯಿ.

“ಹೊನ್ನೆ ವರ್ಷಕ್ಕೊಂದೇ ಸಲ ಕಾಯಿ ಉದುರ್ಸೋದು ಅಜ್ಜಿ. ಈ ಸಲದ ಲೆಕ್ಕ ಕೆಟ್ರೆ ನಂಗೆ ಇನ್ನೊಂದು ಸಲ ಇಲ್ಲ,” ಎಂದು ಆ ಹುಡುಗಿ ಮೊದಲ ದಿನವೇ ಹೇಳಿದ್ದಳು.

ಪಟ್ಟಲಮ್ಮ ಅದನ್ನು ಮನಸ್ಸಿಗೆ ಹಾಕಿಕೊಂಡಳು. ಅವಳೂ ಜೊತೆಗಾತಿ ಅಖ್ತರ್ ಬೇಗಮ್ಮೂ ಕೂತು ಆರುನೂರು ಕಾಯಿಯ ಅಂಚನ್ನು ಕತ್ತರಿಯಲ್ಲಿ ಕತ್ತರಿಸಿದರು. ಸಗಣಿ ನೀರಿನಲ್ಲಿ ಮೂರು ದಿನ ನೆನೆಹಾಕಿದರು. ಮಣ್ಣು, ಮರಳು, ಗೊಬ್ಬರ ಜರಡಿ ಹಿಡಿದು ಕವರು ತುಂಬಿ, ಒಂದು ಬೆರಳಿನಷ್ಟು ಆಳದಲ್ಲಿ ಕಾಯಿ ಮಲಗಿಸಿ ಮೇಲೆ ಮಣ್ಣು ಉದುರಿಸಿದರು. ದೀಪಿಕ ಪ್ರತಿ ಸಾಲಿಗೂ ಊರ ಹೆಸರಿನ ಚೀಟಿ ನೆಟ್ಟು, ಈ ಚೀಟಿಗಳನ್ನು ಮಾತ್ರ ಯಾರೂ ಮುಟ್ಟಬೇಡಿ, ಮೂರಕ್ಕೂ ಒಂದೇ ಸಮ ನೀರು ಹಾಕಿ ಎಂದು ಕೇಳಿಕೊಂಡಳು. ಹುಡುಗಿ ಕೇಳುವ ರೀತಿ ಚೆನ್ನಾಗಿತ್ತು. ತಾನು ತಂದ ಡಬ್ಬಿಯನ್ನು ಮರದ ಕೆಳಗೆ ಬಿಚ್ಚುವಾಗ ಮುಚ್ಚಳದಲ್ಲಿ ಮೊದಲು ಇವರಿಬ್ಬರಿಗೆ ಹಾಕಿ, ಆಮೇಲೆ ತಾನು ತಿನ್ನುತ್ತಿದ್ದಳು. ಕೆಲಸ ಕೊಡುವವರಲ್ಲಿ ಹಾಗೆ ಮಾಡಿದವರನ್ನು ಪಟ್ಟಲಮ್ಮ ಹೆಚ್ಚು ಕಂಡಿರಲಿಲ್ಲ.

ಹನ್ನೆರಡನೇ ದಿನ ಮಳವಳ್ಳಿ ಸಾಲಿನಲ್ಲಿ ಮಣ್ಣು ಬಿರಿಯಿತು. ಆಮೇಲೆ ದಿನಾ ಒಂದಿಷ್ಟು. ಮಂಡ್ಯದ್ದು ಹಿಂದೆ ಹಿಂದೆಯೇ ಬಂತು. ಮದ್ದೂರಿನ ಸಾಲು ಮಾತ್ರ ಗಟ್ಟಿಯಾಗಿ ಮುಚ್ಚಿಕೊಂಡು ಕೂತಿತ್ತು. ಇಪ್ಪತ್ತು ದಿನವಾದರೂ ಅಲ್ಲಿ ಹುಟ್ಟಿದ್ದು ಹತ್ತೊಂಬತ್ತು. ಆ ಸಂಜೆ ದೀಪಿಕ ಆ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಬಹಳ ಹೊತ್ತು ಕೂತಿದ್ದಳು. ಮರದ ಯಜಮಾನ ನಾಗಯ್ಯ ತನ್ನ ಕೈಯಾರೆ ಕಾಯಿ ಆರಿಸಿಕೊಟ್ಟಿದ್ದರಂತೆ. ತಾತನ ಕಾಲದ ಮರ, ಇಂಥ ಮರ ಇನ್ನೊಂದಿಲ್ಲ ಎಂದು ಎಳನೀರು ಕೆತ್ತಿಕೊಟ್ಟು ಕಳಿಸಿದ್ದರಂತೆ. ಅವರಿಗೆ ಏನು ಹೇಳಲಿ ಎಂಬುದೇ ಹುಡುಗಿಯ ಚಿಂತೆ. ಮಾರನೇ ದಿನದಿಂದ ಕಾಲೇಜಿನಲ್ಲಿ ಪರೀಕ್ಷೆ, ಎರಡು ವಾರ ಬರುವ ಹಾಗಿಲ್ಲ. ನೀರು ಮರೆಯಬೇಡಿ ಅಜ್ಜಿ ಎಂದು ಹೇಳಿ ಬಸ್ಸು ಹತ್ತಿದಳು.

ನರ್ಸರಿಯಲ್ಲಿ ಒಂದು ರೂಢಿಯಿದೆ. ಒಂದೊಂದು ಕಾಯಿಯಲ್ಲಿ ಎರಡು ಬೀಜ ಇರುತ್ತವೆ, ಆಗ ಒಂದೇ ಕವರಿನಲ್ಲಿ ಜೋಡಿ ಸಸಿ ಏಳುತ್ತದೆ. ಎರಡನ್ನೂ ಬಿಟ್ಟರೆ ಎರಡೂ ಸೊರಗುತ್ತವೆ. ಆದ್ದರಿಂದ ಎಳೆಯದಿರುವಾಗಲೇ ಒಂದನ್ನು ಮೆಲ್ಲಗೆ ಎತ್ತಿ, ಏನೂ ಹುಟ್ಟದ ಖಾಲಿ ಕವರಿಗೆ ಹಾಕುತ್ತಾರೆ. ಖಾಲಿ ಕವರು ಬಿಡುವುದೆಂದರೆ ಮದುವೆ ಪಂಕ್ತಿಯಲ್ಲಿ ಎಲೆ ಹಾಕಿ ಬಡಿಸದೆ ಬಿಟ್ಟ ಹಾಗೆ. ಪಟ್ಟಲಮ್ಮನಿಗೆ ಅದನ್ನು ಕಂಡರೆ ಕೈ ಸುಮ್ಮನಿರದು.

ದೀಪಿಕ ಹೋದ ಐದನೇ ದಿನ ಮಳವಳ್ಳಿ ಸಾಲಿನಲ್ಲಿ ಜೋಡಿಗಳು ತುಂಬಿಕೊಂಡವು. ಪಟ್ಟಲಮ್ಮ ಒಂದು ಸಲ ಇತ್ತ ನೋಡಿದಳು, ಒಂದು ಸಲ ಅತ್ತ ನೋಡಿದಳು. ಬಡವಾಗಿ ನಿಂತ ಮದ್ದೂರು ಸಾಲು, ಅದರ ಮುಂದೆ ಬಾಡಿದ ಮುಖ ಹಾಕಿ ಕೂತಿದ್ದ ಹುಡುಗಿ ಎರಡೂ ಕಣ್ಣಿಗೆ ಕಟ್ಟಿದವು. ಪರೀಕ್ಷೆ ಮುಗಿಸಿ ದಣಿದು ಬರುವಳು, ಬಂದಾಗ ಸಾಲು ತುಂಬಿದ್ದರೆ ಎಷ್ಟು ಸಂತೋಷ ಪಟ್ಟಾಳು ಅಂದುಕೊಂಡಳು. ಅಖ್ತರ್ ಬೇಗಂ ಕೂಡ ಸೀರೆ ಸೆರಗು ಸಿಕ್ಕಿಸಿ ಬಂದಳು. ಎರಡು ದಿನ ಬೆಳಗ್ಗೆ ಇಬ್ಬರೂ ಕೂತು, ಬಿದಿರ ಕಡ್ಡಿಯಲ್ಲಿ ತೂತು ಮಾಡಿ, ಐವತ್ತು ಸಸಿಯನ್ನು ಮಳವಳ್ಳಿಯಿಂದ ಮದ್ದೂರಿಗೆ ಕಳಿಸಿದರು. ಬಿಸಿಲು ತಾಗದಂತೆ ತೆಂಗಿನ ಗರಿ ಹೊದಿಸಿದರು. ಎರಡು ಬಾಡಿದವು, ಉಳಿದವು ಚಿಗುರು ಹಿಡಿದವು. ಚೀಟಿಗಳನ್ನು ಮಾತ್ರ ಮುಟ್ಟಲಿಲ್ಲ.

ದೀಪಿಕ ಬಂದದ್ದು ಒಂದು ಸೋಮವಾರ. ಚಪ್ಪಲಿ ಕಳಚಿ ನೇರ ಸಾಲುಗಳ ಹತ್ತಿರ ಹೋದಳು. ಮದ್ದೂರಿನ ಚೀಟಿಯ ಮುಂದೆ ನಿಂತಳು. ಮೊದಲಿನಿಂದ ಕೊನೆಗೆ ಒಂದು ಸಲ, ಕೊನೆಯಿಂದ ಮೊದಲಿಗೆ ಒಂದು ಸಲ ಎಣಿಸಿದಳು. ಎಪ್ಪತ್ತಮೂರು ಕವರು ಹಸಿರಾಗಿದ್ದವು. ಅವಳ ಮುಖ ಅರಳಿದ್ದನ್ನು ಕಂಡು ಪೈಪು ಹಿಡಿದು ನಿಂತಿದ್ದ ಪಟ್ಟಲಮ್ಮನ ಮುಖವೂ ಅರಳಿತು.

“ಅಜ್ಜಿ, ಈ ಮರದ ಬೀಜ ಕೆಟ್ಟದ್ದಲ್ಲ, ನಿಧಾನ ಅಷ್ಟೇ. ಹತ್ತೊಂಬತ್ತು ಇದ್ದದ್ದು ಎಪ್ಪತ್ತಮೂರಾಗಿದೆ ನೋಡಿ. ಇದನ್ನ ಇದುವರ್ಗೂ ಯಾರೂ ಬರ್ದಿಲ್ಲ, ನಾನು ಬರೀತೀನಿ,” ಎಂದು ಹೇಳಿ ಕೂತು ಪುಸ್ತಕ ತೆಗೆದಳು. ಗುರುವಾರ ತನಗೆ ಪಾಠ ಹೇಳುವ ಮೇಷ್ಟರೇ ಇಲ್ಲಿಗೆ ನೋಡಲು ಬರುತ್ತಾರಂತೆ. ನಾಗಯ್ಯನವರಿಗೂ ಆಗಲೇ ಫೋನು ಹಚ್ಚಿ ವಿಷಯ ಹೇಳಿದಳು. ಆ ಕಡೆಯಿಂದ ಅವರ ನಗು ಪಟ್ಟಲಮ್ಮನವರೆಗೂ ಕೇಳಿಸಿತು.

ಪಟ್ಟಲಮ್ಮನ ಕೈಯ ಪೈಪು ಒಂದೇ ಕಡೆ ನೀರು ಸುರಿಯುತ್ತ ನಿಂತುಬಿಟ್ಟಿತು. ಹುಡುಗಿ ಎಣಿಸಿದ್ದು ಸಸಿಯನ್ನಲ್ಲ, ಮದ್ದೂರಿನ ಕಾಯಿ ಹೆತ್ತದ್ದನ್ನು ಎಂಬುದು ಅವಳಿಗೆ ಆಗ ಹೊಳೆಯಿತು. ಇಷ್ಟು ದಿನ ಸಸಿ ಅಂದರೆ ಸಸಿ, ಕವರು ಅಂದರೆ ಕವರು. ಎಲ್ಲಿಂದ ಬಂತು ಅಂತ ಯಾರೂ ಕೇಳಿದ್ದಿಲ್ಲ. ತೊಟ್ಟಿಯ ಹತ್ತಿರ ಹೋಗಿ, ತೊಳೆದಿದ್ದ ಕೊಡವನ್ನೇ ಇನ್ನೊಂದು ಸಲ ತೊಳೆದಳು.

ಅಖ್ತರ್ ಬೇಗಂ ಹಿಂದೆಯೇ ಬಂದು ಪಿಸುಗುಟ್ಟಿದಳು. “ಸುಮ್ಕಿರಕ್ಕ. ಮಗು ಖುಷಿಯಾಗೈತೆ. ಯಾರಿಗ್ ಗೊತ್ತಾಯ್ತದೆ?”

ಯಾರಿಗೂ ಗೊತ್ತಾಗುವುದಿಲ್ಲ, ನಿಜ. ಆದರೆ ಪಟ್ಟಲಮ್ಮನಿಗೆ ಮುಂದಿನದು ಕಣ್ಣೆದುರು ಬಂತು. ಹುಡುಗಿ ಬರೆದದ್ದನ್ನು ನಂಬಿ ಬರುವ ವರ್ಷ ಯಾವನೋ ನಾಗಯ್ಯನ ಮರದಿಂದ ಚೀಲಗಟ್ಟಲೆ ಕಾಯಿ ತರುತ್ತಾನೆ. ತನ್ನಂಥ ಹೆಂಗಸರು ಯಾವುದೋ ನರ್ಸರಿಯಲ್ಲಿ ಸಾವಿರ ಕವರಿಗೆ ಮಣ್ಣು ತುಂಬುತ್ತಾರೆ, ನೀರು ಹೊರುತ್ತಾರೆ. ಹುಟ್ಟುವುದಿಲ್ಲ. ನಿಮಗೆ ನೀರು ಹಾಕಲು ಬರುವುದಿಲ್ಲ ಎಂದು ಆ ಹೆಂಗಸರಿಗೇ ಬೈಗುಳ. ಅಂಥ ಬೈಗುಳ ಪಟ್ಟಲಮ್ಮ ತಿಂದವಳು. ಕೊಡ ಬೋರಲು ಹಾಕಿ ಕೈ ಒರೆಸಿಕೊಂಡು ಹುಡುಗಿಯ ಹತ್ತಿರ ಹೋದಳು.

“ಅದ ಬರೀಬ್ಯಾಡ ಕಣವ್ವ,” ಎಂದಳು.

ದೀಪಿಕ ತಲೆಯೆತ್ತಿದಳು.

“ಅವು ಮದ್ದೂರ್ ಮರದವಲ್ಲ. ಮಳವಳ್ಳಿ ಸಾಲ್ನಾಗೆ ಜೋಡಿ ಬಂದಿದ್ವು, ನಾನೇ ಕಿತ್ತು ಇಲ್ಗಾಕ್ದೆ. ನೀನು ಬ್ಯಾಸ್ರ ಮಾಡ್ಕಂಡಿದ್ದಲ್ಲ, ಅದ್ಕೆ. ಇಂಗಾಯ್ತದೆ ಅಂತ ನಂಗ್ ಹೊಳೀನಿಲ್ಲ.”

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಕೂಗಾಡಲಿಲ್ಲ, ಅಳಲೂ ಇಲ್ಲ. ಎಷ್ಟು ಹಾಕಿದಿರಿ, ಯಾವ ಯಾವ ಕವರಿಗೆ ಎಂದು ಸಣ್ಣ ದನಿಯಲ್ಲಿ ಕೇಳಿದಳು. ಐವತ್ತು ಎಂಬುದು ಪಟ್ಟಲಮ್ಮನಿಗೆ ನೆನಪಿತ್ತು. ಯಾವ ಕವರು ಎಂಬುದು ನೆನಪಿರಲಿಲ್ಲ. ಅಷ್ಟರಲ್ಲಿ ಅಖ್ತರ್ ಬೇಗಂ ಬಂದು, ಕಿತ್ತದ್ದು ಇವಳಾದರೂ ನೆಟ್ಟದ್ದರಲ್ಲಿ ಅರ್ಧ ತನ್ನದು, ಬೈಯುವುದಾದರೆ ಪಾಲು ಮಾಡಿ ಬೈಯಿರಿ ಎಂದು ಪಕ್ಕದಲ್ಲಿ ನಿಂತಳು. ಸುಮ್ಮನಿರು ಎಂದು ಹೇಳಿದವಳೇ ಹೀಗೆ ಪಕ್ಕಕ್ಕೆ ಬಂದು ನಿಂತದ್ದು ಪಟ್ಟಲಮ್ಮನ ಎದೆಗೆ ತಂಪೆನಿಸಿತು.

ದೀಪಿಕ ಚೀಲದಿಂದ ನೀರಿನ ಬಾಟಲಿ ತೆಗೆದು ತಾನು ಕುಡಿಯದೆ ಪಟ್ಟಲಮ್ಮನ ಕೈಗೆ ಕೊಟ್ಟಳು. ಇವಳ ತುಟಿ ಒಣಗಿದ್ದು ಅವಳಿಗೆ ಅಂಥ ಹೊತ್ತಿನಲ್ಲೂ ಕಂಡಿತ್ತು.

“ಇಪ್ಪತ್ತು ದಿನದ ಲೆಕ್ಕ ನನ್ನತ್ರ ಇದೆ ಅಜ್ಜಿ. ಆಮೇಲೆ ಹುಟ್ಟಿದ್ದು ಯಾವ್ದು, ನೆಟ್ಟಿದ್ದು ಯಾವ್ದು ಅಂತ ಹೇಳೋದು ಹೆಂಗೆ? ಎಲೆ ನೋಡಿದ್ರೆ ಎಲ್ಲಾ ಒಂದೇ ಥರ ಇವೆ. ಈ ಸಾಲನ್ನೇ ಬಿಡ್ಬೇಕಾಗುತ್ತೆ.”

ಪಟ್ಟಲಮ್ಮ ನೀರು ಕುಡಿದಳು. ಬಾಯಿ ಒರೆಸಿಕೊಂಡಳು. ಕಡ್ಡಿಯಲ್ಲಿ ತೂತು ಮಾಡಿದ ಆ ಎರಡು ಬೆಳಗನ್ನು ಕೈ ನೆನಪು ಮಾಡಿಕೊಂಡಿತು. ಕಡ್ಡಿ ಕೆಳಗಿಳಿಯುವಾಗ ಪ್ರತಿ ಸಲವೂ ಏನೋ ಗಟ್ಟಿಯಾದದ್ದು ತಾಗುತ್ತಿತ್ತು, ಅದನ್ನು ಅತ್ತ ಸರಿಸಿ ಸಸಿ ಇಡುತ್ತಿದ್ದಳು.

“ಕಾಯಿ ಒಳ್ಗೇ ಅದಲ್ಲವ್ವ,” ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ.

“ತಾನಾಗೇ ಉಟ್ಟಿದ್ದಾದ್ರೆ ಕಾಯಿ ಬಾಯ್ ಬುಟ್ಟಿರ್ತದೆ. ಬೀಜ ಈಚ್ಗೆ ಬಂದು ಸಿಪ್ಪೆ ಸೀಳಿರ್ತದೆ. ನಾನ್ ತಂದು ನೆಟ್ಟಿದ್ರ ಕೆಳ್ಗೆ ಕಾಯಿ ಮುಚ್ಕಂಡೇ ಕೂತಿರ್ತದೆ. ಕಾಯಿ ನಾ ತಗೀನಿಲ್ಲ, ಪಕ್ಕಕ್ ತಳ್ದೆ ಅಷ್ಟೆಯ. ಮಣ್ಣು ಕೆದ್ಕಿ ನೋಡು.”

ದೀಪಿಕ ಎದ್ದು ನಿಂತಳು. ಊಟದ ಡಬ್ಬಿಯ ಚಮಚ ತೆಗೆದುಕೊಂಡು ಮೊದಲ ಹಸಿರು ಕವರಿನ ಅಂಚಿನಲ್ಲಿ ಮಣ್ಣು ಸರಿಸಿದಳು. ಒಂದು ಬೆರಳಿನ ಆಳದಲ್ಲಿ ಕಾಯಿ ಸಿಕ್ಕಿತು, ಎರಡಾಗಿ ಸೀಳಿ, ಒಳಗೆ ಖಾಲಿ. ಮುಂದಿನ ಕವರಿನದೂ ಹಾಗೆಯೇ. ಮೂರನೆಯದರಲ್ಲಿ ಕಾಯಿ ಪಕ್ಕಕ್ಕೆ ವಾಲಿಕೊಂಡು, ಬಾಯಿ ಮುಚ್ಚಿಕೊಂಡು, ಇಟ್ಟ ಹಾಗೇ ಇತ್ತು. ಅದರ ಮೇಲೆ ಮಳವಳ್ಳಿಯ ಸಸಿ ಏನೂ ಅರಿಯದಂತೆ ಎಲೆ ಬಿಚ್ಚಿ ನಿಂತಿತ್ತು.

ಹುಡುಗಿ ನಕ್ಕಳು. ಪಟ್ಟಲಮ್ಮ ಅವಳ ಪಕ್ಕದಲ್ಲೇ ಕೂತು ಮುಂದಿನ ಕವರಿನ ಮಣ್ಣಿಗೆ ಕೈಹಾಕಿದಳು.

ಎರಡು ದಿನ ಆ ಕೆಲಸವೇ ಆಯಿತು. ಬೇರಿಗೆ ನೋವಾಗದಂತೆ ಮಣ್ಣು ಸರಿಸುವುದು ಪಟ್ಟಲಮ್ಮ, ಕಾಯಿ ನೋಡಿ ಹೇಳುವುದು ದೀಪಿಕ, ಮತ್ತೆ ಮುಚ್ಚಿ ನೀರು ಚಿಮುಕಿಸುವುದು ಅಖ್ತರ್ ಬೇಗಂ. ಎರಡು ಕವರುಗಳಲ್ಲಿ ಒಂದು ತಮಾಷೆ ಸಿಕ್ಕಿತು. ನೆಟ್ಟ ಸಸಿಯ ಪಕ್ಕದಲ್ಲೇ ಕೆಳಗಿನ ಕಾಯಿಯೂ ತಡವಾಗಿ ಬಿರಿದು, ಗೇಣು ಗಿಡದ ಬುಡದಲ್ಲಿ ಪುಟ್ಟ ಮೊಳಕೆ ತಲೆ ಹಾಕಿತ್ತು. ಅಖ್ತರ್ ಬೇಗಂ ಅದನ್ನು ನೋಡಿ, ಮನೆಯೋರು ಇಲ್ಲಾಂತ ಬಾಡಿಗೆ ಕೊಟ್ಟರೆ ಯಜಮಾನ್ರೇ ಬಂದವ್ರಲ್ಲಕ್ಕ ಎಂದಳು. ದೀಪಿಕ ಅದನ್ನೂ ಬೇರೆಯಾಗಿ ಬರೆದುಕೊಂಡಳು.

ಕೊನೆಗೆ ತೇಲಿದ ಲೆಕ್ಕ ಇಷ್ಟು. ಮದ್ದೂರು ಮರದ ಇನ್ನೂರು ಕಾಯಿಯಲ್ಲಿ ನಿಜವಾಗಿ ಹುಟ್ಟಿದ್ದು ಇಪ್ಪತ್ತೇಳು. ಮಳವಳ್ಳಿಯದು ನೂರ ಇಪ್ಪತ್ತು ದಾಟಿತ್ತು. ಹುಟ್ಟದೆ ಉಳಿದ ಮದ್ದೂರಿನ ನೂರ ಎಪ್ಪತ್ತಮೂರು ಕಾಯಿಗಳನ್ನು ದೀಪಿಕ ಒಂದೊಂದಾಗಿ ತೆಗೆದು ಬ್ಲೇಡಿನಿಂದ ಸೀಳಿದಳು. ಅಷ್ಟು ಗಟ್ಟಿ ಉಬ್ಬಿನೊಳಗೆ ಬೀಜವಿದ್ದದ್ದು ಮೂವತ್ತೆರಡರಲ್ಲಿ ಮಾತ್ರ. ಮಿಕ್ಕ ನೂರ ನಲವತ್ತೊಂದು ಜೊಳ್ಳು. ಹೊರಗಿನಿಂದ ನೋಡಿದರೆ ಯಾವುದರಲ್ಲೂ ಕೊರತೆಯಿಲ್ಲ, ಒಳಗೆ ಏನೂ ಇಲ್ಲ.

ಬ್ಲೇಡು ಹಿಡಿದು ಕೂತ ಹುಡುಗಿಯ ಮುಖದಲ್ಲಿ ಬೇಸರ ಕಾಣುವುದೆಂದು ಪಟ್ಟಲಮ್ಮ ಕಾದಳು. ಕಾಣಲಿಲ್ಲ. ಹುಡುಗಿಗೆ ಕಂಡದ್ದು ಬೇರೆ. ನೂರರಲ್ಲಿ ಹದಿನಾಲ್ಕೂ ಹುಟ್ಟಿಲ್ಲ ಅಂದರೆ ಮರವೇ ಕೆಟ್ಟದ್ದು ಅನ್ನುತ್ತೇವೆ. ಆದರೆ ಬೀಜವಿದ್ದ ಕಾಯಿಗಳನ್ನು ಮಾತ್ರ ಲೆಕ್ಕ ಹಿಡಿದರೆ ಐವತ್ತೊಂಬತ್ತರಲ್ಲಿ ಇಪ್ಪತ್ತೇಳು ಹುಟ್ಟಿವೆ, ಹತ್ತಿರ ಹತ್ತಿರ ಅರ್ಧ. ಬೀಜ ಒಳ್ಳೆಯದೇ, ಕಾಯಿಗೆ ಬೀಜ ಕಟ್ಟುತ್ತಿಲ್ಲ. ಕವರು ಕೆದಕದೇ ಇದ್ದಿದ್ದರೆ, ಕಾಯಿ ಸೀಳದೇ ಇದ್ದಿದ್ದರೆ ತನಗೆ ಇದು ತಿಳಿಯುತ್ತಲೇ ಇರಲಿಲ್ಲ ಎಂದು ಅವಳು ಹೇಳಿದಳು. ಸಮಾಧಾನಕ್ಕೆ ಹೇಳಿದ ಮಾತೇ ಎಂದು ಪಟ್ಟಲಮ್ಮ ಅವಳ ಮುಖ ನೋಡಿದಳು. ಅಲ್ಲ, ಹುಡುಗಿ ಆಗಲೇ ಪುಸ್ತಕದಲ್ಲಿ ಹೊಸ ಗೆರೆ ಎಳೆಯುತ್ತಿದ್ದಳು.

ಗುರುವಾರ ಮೇಷ್ಟರು ಬಂದರು. ದೀಪಿಕ ನಡೆದದ್ದನ್ನು ನಡೆದ ಹಾಗೆ ಹೇಳಿದಳು, ಸಸಿ ನೆಟ್ಟದ್ದನ್ನೂ ಬಿಡಲಿಲ್ಲ. ಮೇಷ್ಟರು ಸೀಳಿದ ಕಾಯಿಗಳ ತಟ್ಟೆಯನ್ನು ಬಿಸಿಲಿಗೆ ಹಿಡಿದು ಸುಮಾರು ಹೊತ್ತು ನೋಡಿದರು. ಕವರು ಕೆದಕಿ ಕಾಯಿ ನೋಡುವ ಈ ಉಪಾಯ ಯಾರದು ಎಂದು ಕೇಳಿ, ಅವರ ಹೆಸರನ್ನೂ ಬರಿ ಎಂದು ಹೇಳಿ ಹೋದರು. ಬೈಯಲಿಕ್ಕೇ ಹೆಸರು ಕೇಳಿದರೆಂದು ಪಟ್ಟಲಮ್ಮ ತಿಳಿದಿದ್ದಳು. ಅವರು ಹೋಗುವವರೆಗೂ ತೊಟ್ಟಿಯ ಹಿಂದೆಯೇ ಇದ್ದಳು.

ಇನ್ನುಳಿದದ್ದು ನಾಗಯ್ಯ. ಸೋಮವಾರ ಹೇಳಿದ ಸಂತೋಷವನ್ನು ದೀಪಿಕ ಫೋನಿನಲ್ಲೇ ವಾಪಸು ತೆಗೆದುಕೊಂಡಿದ್ದಳು. ಶನಿವಾರ ಅವರು ತಾವೇ ಟಿ.ವಿ.ಎಸ್. ಗಾಡಿಯಲ್ಲಿ ಬಂದು, ಟವೆಲಿನಿಂದ ಮುಖ ಒರೆಸಿಕೊಂಡು, ತಟ್ಟೆಯ ಮುಂದೆ ನಿಂತರು.

“ನನ್ ಮರ ಜೊಳ್ಳಾ?” ಎಂದರು.

ಮರ ಜೊಳ್ಳಲ್ಲ, ಒಂಟಿ ಎಂದು ದೀಪಿಕ ಬಿಡಿಸಿ ಹೇಳಿದಳು. ಹೂವಿಗೆ ಇನ್ನೊಂದು ಮರದ ಹೂವಿನ ಪುಡಿ ತಾಗಿದರೆ ಬೀಜ ಚೆನ್ನಾಗಿ ಕಟ್ಟುತ್ತದೆ. ಮಳವಳ್ಳಿಯಲ್ಲಿ ಗುಂಪಾಗಿವೆ, ಜೇನು ಒಂದರಿಂದ ಇನ್ನೊಂದಕ್ಕೆ ಓಡಾಡುತ್ತದೆ. ನಿಮ್ಮ ತೋಟದ ಸುತ್ತ ಎಲ್ಲೂ ಇನ್ನೊಂದು ಹೊನ್ನೆಯಿಲ್ಲ. ಕಾರಣ ಅದೇ ಇರಬೇಕು, ಇನ್ನೂ ನೋಡಬೇಕು ಅಂದಳು.

ನಾಗಯ್ಯ ಯೋಚಿಸಿದರು. ಅವರ ತಂದೆಯ ಕಾಲದಲ್ಲಿ ದಂಡೆಯುದ್ದಕ್ಕೂ ನಾಲ್ಕೈದು ಇದ್ದವಂತೆ, ಒಂದೊಂದಾಗಿ ಮನೆ ಕಟ್ಟುವವರು ಒಯ್ದರಂತೆ. “ಅಲ್ಲಾ, ಇಷ್ಟ್ ವರ್ಸ ಒಬ್ನೇ ನಿಂತಿದ್ದಾನೆ ಅಂತ ನಂಗೇ ಗ್ಯಾನ ಬರ್ನಿಲ್ವಲ್ಲವ್ವ. ನೆಳ್ಳಲ್ಲಿ ದಿನಾ ಮಲಗ್ತೀನಿ,” ಎಂದರು.

ಆಮೇಲೆ ಅವರ ಕಣ್ಣು ಮದ್ದೂರು ಸಾಲಿನಲ್ಲಿ ಎಲೆ ಬಿಚ್ಚಿ ನಿಂತ ಮಳವಳ್ಳಿಯ ಸಸಿಗಳ ಮೇಲೆ ಹೋಯಿತು. ಇವನ್ನು ಏನು ಮಾಡುತ್ತೀರಿ ಎಂದು ಕೇಳಿದರು. ಎಣಿಕೆಗೆ ಬೇಡವಾದವು, ಎಸೆಯಲು ಮನಸ್ಸಿಲ್ಲದವು. ದೀಪಿಕ ಪಟ್ಟಲಮ್ಮನನ್ನು ನೋಡಿದಳು. ಪಟ್ಟಲಮ್ಮ ಹಳೇ ಟೊಮ್ಯಾಟೊ ಕ್ರೇಟು ತಂದು, ಕಾಂಡ ದಪ್ಪವಿದ್ದ ಆರನ್ನು ಆರಿಸಿ ಇಟ್ಟಳು. ನಾಗಯ್ಯ ಇನ್ನೆರಡು ಕೇಳಿದರು.

“ಮಳೆ ಬೀಳೋಗಂಟ ನೆಡಬ್ಯಾಡಿ ಸ್ವಾಮಿ. ಬುಡುಕ್ಕೆ ತೀರಾ ಅತ್ರ ಬ್ಯಾಡ, ನೆಳ್ಳಿಂದ ಈಚ್ಗೆ ಆಕಿ. ಮೇಕೆ ಬಾಯ್ಗೆ ಕೊಟ್ಟೀರಾ, ಮುಳ್ಳು ಕಟ್ಟಿ,” ಎಂದು ಪಟ್ಟಲಮ್ಮ ಹೇಳಿದಳು. ಹೂ ಬಿಡಲು ಎಷ್ಟು ವರ್ಷ ಎಂದು ನಾಗಯ್ಯ ಕೇಳಿದರು. ಹತ್ತೋ ಹದಿನೈದೋ ಎಂದು ದೀಪಿಕ ಹೇಳಿದಾಗ, ಇನ್ನೂರು ವರ್ಷ ಬಾಳುವ ಮರಕ್ಕೆ ಅದೇನು ಲೆಕ್ಕ ಎಂದು ಕ್ರೇಟನ್ನು ಗಾಡಿಯ ಮುಂದೆ ಇಟ್ಟುಕೊಂಡು, ಎರಡೂ ಕಾಲು ಅಗಲಿಸಿಕೊಂಡು ಮೆಲ್ಲಗೆ ಹೋದರು. ರಸ್ತೆಯ ಹಂಪಿನಲ್ಲಿ ಗಾಡಿ ನಿಲ್ಲಿಸಿ, ಇಳಿದು, ತಳ್ಳಿಕೊಂಡು ದಾಟಿದ್ದು ಇಲ್ಲಿಂದಲೇ ಕಾಣಿಸಿತು.

ಮುಂದಿನ ವಾರ ದೀಪಿಕ ಇರಲಿಲ್ಲ. ಬೆಳಗಿನ ನೀರು ಹಾಕುವಾಗ ಮಂಡ್ಯದ ಸಾಲಿನಲ್ಲಿ ಒಂದು ಕವರಿಗೆ ತಡವಾಗಿ ಜೋಡಿ ಎದ್ದಿತ್ತು. ಪಕ್ಕದ್ದೇ ಖಾಲಿ. ಪಟ್ಟಲಮ್ಮನ ಕೈ ತಾನಾಗಿ ಕಡ್ಡಿಗೆ ಹೋಯಿತು. ಕೈಯನ್ನು ಹಿಂದಕ್ಕೆ ಎಳೆದುಕೊಂಡು ಫೋನು ಮಾಡಿದಳು.

“ಮಂಡ್ಯದ್ರಲ್ಲಿ ಜೋಡಿ ಬಂದದೆ ಕಣವ್ವ. ಏನ್ ಮಾಡ್ಲಿ?”

ಎಷ್ಟನೇ ಕವರು ನೋಡಿ ಬರೆದಿಡಿ ಅಜ್ಜಿ, ಬರೆದ ಮೇಲೆ ನಿಮ್ಮಿಷ್ಟ ಎಂದಳು ದೀಪಿಕ. ನಾಲ್ಕನೇ ಕ್ಲಾಸು ಓದಿದ್ದ ಪಟ್ಟಲಮ್ಮ ಚೀಟಿಯಿಂದ ಒಂದೊಂದೇ ಕವರು ಮುಟ್ಟಿ ಎಣಿಸಿಕೊಂಡು ಬಂದಳು. ನಡುವೆ ಅಖ್ತರ್ ಬೇಗಂ ಟೀ ಬೇಕೇ ಎಂದು ಕೂಗಿ ಲೆಕ್ಕ ತಪ್ಪಿಸಿದಳು. ಮತ್ತೆ ಮೊದಲಿನಿಂದ ಎಣಿಸಿದಳು. ಮಂಡ್ಯ, ನೂರ ಹದಿನಾರು, ಎರಡು ಎಂದು ಗೊಬ್ಬರದ ಚೀಲದ ಕಾಗದದ ಮೇಲೆ ಪೆನ್ಸಿಲಿನಲ್ಲಿ ದಪ್ಪಗೆ ಬರೆದು, ಒದ್ದೆಯಾಗದ ಕಡೆ ಸಿಕ್ಕಿಸಿ, ಟೀ ಕುಡಿಯಲು ಹೋದಳು.